ಸಾಹೇಬರ ಬಾವಿ

ಜರಾ ಈ ಕಡೆ ಸರದು ಕುಂದ್ರಿ... ಬಾಗಿಲು ಮುಂದ ಮಾಡ್ರಿ. ಇದು ನಮ್ಮ ದೊಡ್ಡಪ್ಪನ ಮಗ ಬೀರೇಶಣ್ಣಗ ಆದದ್ದು. ಸುಲೇಪೇಟದಾಗ ಲೈನ್‌ಮನ್ ಅದಾನ. ಬೇಕಾದ್ರ ಹೋಗಿ ಕೇಳ್ರಿ.

ಹೋದ ವರ್ಷ ಚಳಿಗಾಲ. ಹೊಲದಾಗಿನ ಫ್ಯೂಜ್ ಹಾಕಿ ಬರೋದ್ರಾಗ ರಾತ್ರಿ ಹನ್ನೊಂದು. ದಾರಿ ಕಲ್ಯಾಣಪ್ಪ ಸಾಹೇಬರ ಬಾವಿ ಬಾಜೂಕೇ ಹಾದು ಬರ್ತದ. ಸಾಹೇಬರು ಎಪ್ಪತ್ತೊಂದರ ಲಡಾಯಿದಾಗ ಜೆಟ್ ಫೈಟರ್ ಹಾರಿಸಿದವರು. ರಿಟೈರ್ ಆಗಿ ಬಂದು ತೊಗರಿ ಬೆಳೀತಿದ್ರು. ಸಂಜಿಕೆ ಆ ಬಾವಿ ಕಟ್ಟಿ ಮ್ಯಾಲ ಕುಂತು ಮುಗಿಲು ನೋಡ್ತಿದ್ರು. ಅವರಿಗೆ ಮಣ್ಣು ಕೊಟ್ಟು ಹನ್ನೊಂದು ದಿನ ಆಗಿತ್ತು.

ಅಣ್ಣ ಬಾವಿ ಹತ್ರ ಬಂದ. ಗಾಳಿ ಇಲ್ಲ. ಹುಳದ ಸಪ್ಪಳ ಸುದ್ದಾ ನಿಂತದ... ಬಾವಿಯೊಳಗ ಹಳೇ ರೇಡಿಯೋ ಕೆಟ್ಟಂಗ ಖರ್ರ್... ಖರ್ರ್... ಆಮ್ಯಾಲ ಒಂದು ದನಿ.

"ಕೂದ್... ಕೂದ್ ಜಾ!"

ಜಿಗಿ ಅಂತ! ನಡುರಾತ್ರಿ, ಬಾವಿ ದಂಡಿ, ಜಿಗಿ ಅಂದ್ರ ಏನು ತಿಳೀಬೇಕು? ಓಡಬೇಕಂದ್ರ ಕಾಲು ಬಾವಿ ಕಡೀಗೇ ಹೊಂಟಾವ. ಬೇವಿನ ಗಿಡ ತಬ್ಬಿಕೊಂಡು ಕುಂತುಬಿಟ್ಟ. ಸುಂ...ಯ್ ಅಂತ ಮ್ಯಾಲಿಂದ ಏನೋ ಬಾವಿಯೊಳಗ ಬಿದ್ದಂಗಾತು. ನೀರಿನ ಸಪ್ಪಳ ಬರಲಿಲ್ಲ. ಆಮ್ಯಾಲ ಒಳಗ ಒಬ್ಬ ಮುದುಕ ಬಿಕ್ಕಿ ಬಿಕ್ಕಿ ಅಳಾಕತ್ತ... ಆ ದನಿ ಅಣ್ಣಗ ಗುರ್ತು ಹತ್ತಿತು.

ಮುಂಜಾನೆ ಸಾಹೇಬರ ಹೆಂಡತಿ ಗುರುದೇವಿ ಅಮ್ಮಾರ ಬಲ್ಲಿ ಹೋದ. ಬಾವಿಯೊಳಗ ಸಾಹೇಬರ ದನಿ ಕೇಳೀನ್ರಿ ಅಂದ.

ಅಮ್ಮಾರು ಮೆಲ್ಲಕ ಕೇಳಿದ್ರು: "ಕೂದ್ ಅಂತ ಒದರಿದ್ರಾ?"

"ಹೌದ್ರಿ... ನಿಮಗ ಹ್ಯಾಂಗ ಗೊತ್ರಿ?"

"ಲಡಾಯಿದಾಗ ಅವರ ಜೋಡಿ ಹಾರಿದ ದೋಸ್ತನ ವಿಮಾನಕ್ಕ ಬೆಂಕಿ ಹತ್ತಿತ್ತು. ಇವರು ಬಾಜೂಕ ಹಾರಕೋತ ರೇಡಿಯೋದಾಗ ಒದರೇ ಒದರಿದ್ರು. ಅಂವ ಜಿಗೀಲಿಲ್ಲ. ಐವತ್ತು ವರ್ಷ ನಿದ್ದ್ಯಾಗ ಅದೇ ಒದರಾಟ ಕೇಳೀನಿ. ಸತ್ತ ಮ್ಯಾಲಾದ್ರೂ ಬಿಡ್ತದಂತ ತಿಳದಿದ್ದೆ..."

ಅವತ್ತು ರಾತ್ರಿ ಅಮ್ಮಾರು ಅಣ್ಣನ ಕರಕೊಂಡು ತಾವೇ ಬಾವಿಗಿ ಬಂದ್ರು. ಖರ್ರ್ ಅಂತು. ಅಮ್ಮಾರು ಬಗ್ಗಿ ಒದರಿದ್ರು: "ಜಿಗಿದಾನ್ರೀ! ಉಳದಾನ! ನೀವು ಸುಮ್ನಾಗ್ರಿ!"

ಎಲ್ಲಾ ತಣ್ಣಗಾತು. ಅಣ್ಣ ಉಸಿರು ಹಿಡದ...

"ಕೂದ್ ಜಾ!"

ಅಮ್ಮಾರು ಕಟ್ಟಿ ಮ್ಯಾಲ ಕುಂತುಬಿಟ್ರು. "ನನ್ನ ಮಾತು ಅಲ್ಲಿತನಕ ಮುಟ್ಟಂಗಿಲ್ಲ ಬೀರೇಶ" ಅಂದ್ರು. ಬಾವಿಯೊಳಗಿನ ಅಳು ನಿಲ್ಲೋತನಕ ಇಬ್ಬರೂ ಅಲ್ಲೇ ಇದ್ರು. ಮತ್ತೇನು ಮಾಡ್ತಾರ?

ಮರುದಿನ ಅಣ್ಣನ ಜೋಡಿ ನಾನೇ ಹೋಗಿದ್ದೆ. ಸುಳ್ಳಲ್ಲ, ಈ ಕೈಲೇ ಕೊಡ ಇಳಿಸಿ ಸೇದೀನಿ. ಆ ಬಾವಿಗಿ ಎಂಜಿನ್ ಇಲ್ಲ, ಪಂಪ್ ಇಲ್ಲ. ನೀರು ಚಿಮಣಿ ಎಣ್ಣಿ ನಾರತಿತ್ತು, ಜೆಟ್ ವಿಮಾನಕ್ಕ ಹಾಕ್ತಾರಲ್ಲ, ಅದೇ ನಮೂನಿ. ಎಂಟು ದಿನ ಕುರಿ ಸುದ್ದಾ ಬಾಯಿ ಹಚ್ಚಲಿಲ್ಲ.