ರಾಣಿ ಕಾಲು ತುಳಿದಾಗ

ಜಾವಾದ ಸೋಲೋ ಊರಿನ ಆಸ್ಪತ್ರೆಯಲ್ಲಿ ಕಿವಿ ಡಾಕ್ಟರ ಬಾಗಿಲ ಮುಂದೆ ಕಾಯುತ್ತಿದ್ದ ವರ್ಸಿತಿ ಕದ್ದು ಕೇಳಬೇಕಾಗಿಯೇ ಇರಲಿಲ್ಲ. ಪಕ್ಕದ ಬೆಂಚಿನ ಹೆಂಗಸು ತನ್ನ ಜೊತೆಗಿದ್ದ ಮುದುಕನ ಕಿವಿಗೆ ಬಾಯಿಟ್ಟು ಕಿರುಚುತ್ತಿದ್ದಳು.

"ಕೇಳಲ್ಲ ಅಂತ ನಿಜ ಹೇಳಿಬಿಡಿ, ದೊಡ್ಡಪ್ಪ."

"ಕಿವಿ ನೆಟ್ಟಗಿದೆ ಅಂತ ಚೀಟಿ ಒಯ್ಯದಿದ್ರೆ ನಾಟಕದ ಯಜಮಾನ ನನ್ನ ಕಿರೀಟ ಇನ್ನೊಬ್ಬನಿಗೆ ಇಡ್ತಾನೆ. ಹದಿನೆಂಟು ವರ್ಷ ಈಟಿ ಹಿಡಿದು ಬಾಗಿಲು ಕಾದು ರಾಜ ಆದೋನು ನಾನು, ಲಾಸ್ಮಿ!"

"ನಮ್ಮ ನಾಟಕದಲ್ಲಿ ಬರೆದಿಟ್ಟ ಮಾತಿಲ್ಲ. ಎದುರಿನವರು ಅಂದದ್ದು ಕೇಳದೆ ಏನು ಉತ್ತರ ಕೊಡ್ತೀರಿ?"

"ತುಟಿ ನೋಡ್ತೀನಿ. ನನ್ನ ಸರದಿ ಬಂದಾಗ ರಾಣಿ ವೇಷದ ನೀನು ಕಾಲು ತುಳೀತೀಯಲ್ಲ? ಒಳಗೂ ಹಾಗೇ ಮಾಡು."

"ಒಳಗೆ ಗಾಜಿನ ಗೂಡಿನಲ್ಲಿ ಒಬ್ಬರನ್ನೇ ಕೂರಿಸ್ತಾರೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು."

"ಅಂದಾಜಿನ ಮೇಲೆ ಒತ್ತಿದ್ರೆ?"

"ನಿಮ್ಮ ತಲೆ! ಸಿಕ್ಕಿಬೀಳ್ತೀರಿ."

ನರ್ಸ್ "ವಗಿರಾನ್" ಎಂದು ಮೂರು ಸಲ ಕೂಗಿದಳು. ಮುದುಕ ಲಾಸ್ಮಿಯ ಬಾಯಿಯನ್ನೇ ನೋಡುತ್ತ ಕೂತಿದ್ದ. ಲಾಸ್ಮಿ ಅವನ ಪಾದ ತುಳಿದಳು. ಅವನು ತಕ್ಷಣ ಎದ್ದು, ಎದೆ ಸೆಟೆಸಿ, ರಾಜನ ಹೆಜ್ಜೆ ಇಡುತ್ತ ಬಾಗಿಲಿಗೆ ನಡೆದ. ವರ್ಸಿತಿ ಕಾಲು ಮಡಚಿ ದಾರಿ ಬಿಟ್ಟಳು. ಹಿಂದೆಯೇ ಹೋದ ಲಾಸ್ಮಿಗೆ ನರ್ಸ್ ಕೈ ಅಡ್ಡ ಹಿಡಿದು, ಬಾಗಿಲು ಹಾಕಿಕೊಂಡಳು.