ಸುಟ್ಟ ಚಿಪ್ಪು ಕರೆಯೋದಿಲ್ಲ

ತಿನ್ನಿ ತಿನ್ನಿ, ಹೊಳೆಯ ಚಿಪ್ಪುಮೀನು ಇದು, ಬಳಚು ಆರಿದ್ರೆ ರುಚಿ ಇಲ್ಲ. ಚಿಪ್ಪು ಮಾತ್ರ ಬಿಸಾಡಬೇಡಿ, ಈ ಬುಟ್ಟಿಗೆ ಹಾಕಿ. ಯಾಕೆ ಅಂತೀರಾ? ಕೇಳಿ ಹಾಗಾದ್ರೆ.

ಹೊಳೆ ಹೋಗಿ ಸಮುದ್ರ ಸೇರುವ ಒಂದು ಊರು. ಹೆಸರು ನಂಗೂ ಗೊತ್ತಿಲ್ಲ, ನಂಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಅಲ್ಲಿ ಬೀರಮ್ಮ ಅಂತ ಅತ್ತೆ, ಸಾತಿ ಅಂತ ಸೊಸೆ. ನೀರು ಇಳಿದಾಗ ಇಬ್ಬರೂ ಕೆಸರಲ್ಲಿ ಕೂತು ಬಳಚು ಹೆಕ್ಕೋರು. ತಿಂದ ಮೇಲೆ ಬೀರಮ್ಮ ಚಿಪ್ಪು ತೊಳೆದು ವಾಪಸ್ ಹೊಳೆಗೇ ಹಾಕೋಳು.

"ಇದೆಂಥ ಹುಚ್ಚು ಅತ್ತೆ?"

"ಬಳಚಿನ ಮರಿ ಸಾಸಿವೆಗಿಂತ ಸಣ್ಣದು ಮಗಾ. ನೀರು ಎಳೆದ ಕಡೆ ತೇಲ್ತದೆ. ತನ್ನವರ ವಾಸನೆ ಬಂದಲ್ಲಿ ಮಾತ್ರ ಇಳಿದು ಕೂರ್ತದೆ."

"ಬಳಚಿಗೆ ಮೂಗೆಲ್ಲುಂಟು?" ಅಂತ ಸಾತಿ ಹೊಟ್ಟೆ ಹಿಡ್ಕೊಂಡು ನಕ್ಕಳು.

ಆ ವರ್ಷ ಸಾತಿಯ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬರೋರಿದ್ರು. ಮನೆ ಗೋಡೆ ಬೆಳ್ಳಗಾಗಬೇಕು, ಸುಣ್ಣ ಬೇಕು. ಸುಣ್ಣ ಎಲ್ಲಿಂದ ಬರ್ತದೆ? ಚಿಪ್ಪು ಸುಟ್ಟರೆ ಬರ್ತದೆ. ಸಾತಿ ಅಂಗಳದ ಚಿಪ್ಪು ಸುಟ್ಟಳು, ಸಾಲಲಿಲ್ಲ. ದಡದ್ದು ಸುಟ್ಟಳು, ಸಾಲಲಿಲ್ಲ. ಕಡೆಗೆ ಹೊಳೆಗೇ ಇಳಿದು, ಸತ್ತದ್ದು ಬದುಕಿದ್ದು ನೋಡದೆ ಎಲ್ಲಾ ಗೋರಿ ತಂದು ಸುಟ್ಟಳು. "ಒಂದು ಹಿಡಿಯಾದ್ರೂ ಬಿಡೇ" ಅಂತ ಬೀರಮ್ಮ ಬೇಡ್ಕೊಂಡಳು. ಕೇಳಿದ್ಲಾ? ಎಲ್ಲಿ ಕೇಳ್ತಾಳೆ!

ಗೋಡೆ ಹೊಳೀತು. ಮದುವೆ ಆಯ್ತು. ಮಗಳು ಗಂಡನ ಮನೆಗೆ ಹೋದಳು.

ಮುಂದಿನ ವರ್ಷ ಸಮುದ್ರ ಉಕ್ಕಿ ಬರುವ ಭರತದ ನೀರಲ್ಲಿ ಬಳಚಿನ ಮರಿಗಳು ಬಂದ್ವು. ಆ ಕಡೆ ಮೂಸಿದ್ವು, ಈ ಕಡೆ ಮೂಸಿದ್ವು. ತಮ್ಮವರು ಇದ್ದ ವಾಸನೆಯೇ ಇಲ್ಲ. ಪಾಪ, ಹಾಗೇ ತೇಲಿ ಹೋದ್ವು.

ಆಗಲೇ ಬೀರಮ್ಮ ಹಾಸಿಗೆ ಹಿಡಿದಳು. ಅನ್ನ ಸೇರದು, ಗಂಜಿ ಸೇರದು. "ಒಂದು ಗುಟುಕು ಬಳಚಿನ ಸಾರು ಕೊಡೇ ಮಗಾ" ಅಂದಳು. ಸಾತಿ ಹೊಳೆಗೆ ಹೋದಳು, ಬುಟ್ಟಿ ಖಾಲಿ. ಮರುದಿನ ಹೋದಳು, ಖಾಲಿ. ಮೂರನೇ ದಿನ ಗೋಡೆಯ ಸುಣ್ಣ ಕೆರೆದು ಕೆರೆದು ತಂದು ನೀರಿಗೆ ಸುರಿದು, "ಬನ್ರೋ, ಬನ್ರೋ" ಅಂತ ಕೂಗಿದಳು. ಸುಟ್ಟ ಸುಣ್ಣಕ್ಕೆ ತಾಯಿಮನೆ ವಾಸನೆ ಎಲ್ಲಿಂದ ಬರಬೇಕು, ನೀವೇ ಹೇಳಿ?

ಆಮೇಲೆ ಎದ್ದು ಓಡಿದಳು. ಮೂರು ಹೊಳೆ ದಾಟಿ, ಬೇರೆ ಊರಿಂದ ಬುಟ್ಟಿ ತುಂಬ ಬಳಚು ಹೊತ್ತು ತಂದಳು. ದಾರಿಯ ಬಿಸಿಲಿಗೆ ಹೆಚ್ಚಿನವು ಸತ್ತು, ಜೀವ ಉಳಿದದ್ದು ಒಂದೇ ಬೊಗಸೆ. ಅವಸರದಲ್ಲಿ ಒಲೆ ಹಚ್ಚಿದಳು.

ಬೀರಮ್ಮ ಮಲಗಿದಲ್ಲಿಂದಲೇ ಕೈ ಅಡ್ಡ ಮಾಡಿದಳು. "ಬೇಯಿಸಬೇಡ ಮಗಾ. ಹೊಳೆಗೆ ಬಿಡು."

"ಅಯ್ಯೋ, ನಿಮಗೇ ಅಂತ ತಂದದ್ದು ಅತ್ತೆ!"

"ನಂದು ಇನ್ನೆಷ್ಟು ದಿನ? ಮರಿಗಳಿಗೆ ಮನೆ ಗುರುತು ಸಿಗಲಿ."

ಸಾತಿ ಅಳ್ತಾ ಹೋಗಿ ಬಿಟ್ಟಳು. ವಾಪಸ್ ಬರುವಷ್ಟರಲ್ಲಿ ಮುದುಕಿ ಹೋಗಿಬಿಟ್ಟಿದ್ದಳು.

ಎರಡು ವರ್ಷಕ್ಕೆ ಹೊಳೆ ತುಂಬ ಬಳಚು ಆಯ್ತು. ಸಾತಿ ಮೊದಲ ಸಾರು ಕಾಯಿಸಿ, ಅತ್ತೆಯ ಬಟ್ಟಲಿಗೆ ಬಡಿಸಿ ಎದುರು ಕೂತಳು. ಸಾರು ಆರಿತು. ಕುಡಿಯೋರು ಯಾರೂ ಇಲ್ಲ.

ಹೇಳೋದು ನಂದು ಮುಗೀತು, ಮಾಡೋದು ನಿಮ್ದು ಉಳೀತು. ಏಳಿ, ಕೈ ತೊಳೀರಿ, ಆ ಬುಟ್ಟಿ ಎತ್ಕೊಳ್ಳಿ. ನೀರು ಇಳಿದದೆ, ಚಿಪ್ಪು ಹಾಕಿ ಬರೋಣ.