ಲಾಡ್ಜಿನ ನೆರಳು

"ಹಲೋ... ಹಾಂ, ಹಲೋ, ಯಾರ್ರೀ ಮಾತಾಡೋದು?... ಯಾರು?... ಓ, ಅತ್ತಿ! ಜಯದೇವಿ ಅತ್ತಿ! ಬ್ಯಾರೆ ನಂಬರಿಂದ ಬಂತು, ಗೊತ್ತಾಗ್ಲಿಲ್ರಿ. ಆರಾಮ ಇದ್ದೀರಿ?"

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತ ಕೂತಿದ್ದ ಸೃಷ್ಟಿ ಟೀಚರ್ ಥಟ್ಟನೆ ಎದ್ದು ನಿಂತಳು. ಬರುವ ಶುಕ್ರವಾರ ನಿಶ್ಚಯ. ಅತ್ತೆಯಾಗುವವರು ಫೋನು ಮಾಡಿದಾಗ ಕೂತೇ ಮಾತಾಡುವ ಧೈರ್ಯ ಯಾವ ಹುಡುಗಿಗಿದೆ?

"ಸಾಲಿ ಬಿಟ್ಟದ್ರಿ, ಬಸ್ಸಿಗಿ ನಿಂತೀನಿ. ಹೇಳ್ರಿ... ಏನು?... ಎಲ್ಲಿ?... ಸ್ಟೇಶನ್ ಬಜಾರದಾಗಾ?"

"ಹಾಂ, ಐತ್ವಾರ ನಿಂತಿದ್ದೆ... ಲಾಡ್ಜ್ ಮುಂದೇನೇ, ಹೌದ್ರಿ... ಅಯ್ಯ, ಯಾರಿಗೂ ಕಾಯಾಕತ್ತಿದ್ದಿಲ್ರಿ! ನೆರಳಿನ ಸಲುವಾಗಿ ನಿಂತಿದ್ದೆ."

"ಅಲ್ರೀ, ಬಿಸಿಲು ಹತ್ತಿ ನೆರಳಿಗಿ ನಿಂತಿದ್ದಲ್ಲ. ನೆರಳು ಅಳಿಯಾಕ... ಅಳಿಯ ಅಲ್ರೀ, ಅಳಿಯಾಕ! ಅಳತಿ, ಅಳತಿ! ಯಾರ ಅಳಿಯನೂ ಅಲ್ಲಿರಲಿಲ್ರಿ!"

ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಮುದುಕಿ ಕತ್ತೆತ್ತಿ ನೋಡಿದಳು. ಸೃಷ್ಟಿ ಕಂಬದ ಮರೆಗೆ ಹೋದಳು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ಮತ್ತೆ ಈಚೆಗೆ ಬಂದಳು. ನಿಜವೂ ಸುಳ್ಳಿನಂತೆ ಕೇಳಿಸುವ ಗಳಿಗೆ ಅಂತ ಒಂದಿರುತ್ತದೆ, ಅದು ಅವಳ ಪಾಲಿಗೆ ಈಗ ಬಂದಿತ್ತು.

"ಕೇಳ್ರಿ ಅತ್ತಿ. ಹತ್ತನೇ ಕ್ಲಾಸ್ ಹುಡುಗೂರಿಗಿ ಲೆಕ್ಕ ಮಾಡಸಬೇಕಲ್ರೀ. ಪುಸ್ತಕದಾಗ ಸಮುದ್ರದ ದಂಡಿಗಿ ಲೈಟ್‌ಹೌಸ್ ಅದ. ಟೀಚರ್, ಲೈಟ್‌ಹೌಸ್ ಅಂದ್ರೇನು ಅಂತಾವ. ಅವು ಸಮುದ್ರ ಎಲ್ಲಿ ನೋಡ್ಯಾವ? ಕಲಬುರಗಿ ಸ್ಟೇಶನ್ ಬಜಾರ ನೋಡ್ಯಾವ. ಅದಕ್ಕ ಛತ್ರಿ ನೆಟ್ಟಗ ನಿಂದರಿಸಿ ಟೇಪ್ ಹಿಡದು ಅದರ ನೆರಳು ಅಳದೆ, ಲಾಡ್ಜಿನ ನೆರಳು ಅಳದೆ. ಛತ್ರಿ ಎಷ್ಟು ಎತ್ತರ ಅಂತ ಗೊತ್ತಿದ್ರ ಲಾಡ್ಜಿನ ಎತ್ತರ ತಾನೇ ಬರ್ತದ. ಮ್ಯಾಲ ಹತ್ತೋದೇ ಬ್ಯಾಡ... ಛೇ ಛೇ, ಹತ್ತಿಲ್ರಿ! ಹತ್ತೋದು ಬ್ಯಾಡ ಅಂದೆ!"

"ಬ್ರಹ್ಮಪುರದ ಗುಡಿ ಯಾಕ ಅಳೀಲಿಲ್ಲ ಅಂತೀರಾ?... ನಮ್ಮ ಮನಿ ಮುಂದೇ ಅದ ಖರೇ. ಅದರ ನೆರಳು ಮಂದಿ ಗ್ವಾಡಿ ಮ್ಯಾಲ ಹತ್ತಿ ಮುರೀತದ್ರಿ, ಅಳಿಯಾಕ ಬರಂಗಿಲ್ಲ. ಲಾಡ್ಜಿಂದು ಸೀದಾ ಆಟೋ ಸ್ಟ್ಯಾಂಡಿನ ಬಯಲಿಗಿ ಬೀಳ್ತದ."

"ನಕ್ಕೆ, ಹೌದು. ನೆರಳಿನ ತುದಿ ಕಾಣ್ಲಿ ಅಂತ ಪಾಪ ಆಟೋದವ್ರು ಗಾಡಿ ಸರಿಸಿ ಕೊಟ್ರು. ಮಾರಿ ಗಂಟು ಹಾಕ್ಕೊಂಡು ನಿಂದ್ರಬೇಕಿತ್ತೇನ್ರಿ?"

ಕಲಬುರಗಿ ಬಸ್ಸು ಬಂತು, ತುಂಬಿತು, ಹೋಯಿತು. ಸೃಷ್ಟಿ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ಸುಮ್ಮನಾದಳು.

"ಹಾಂ, ಕೇಳಾಕತ್ತೀನಿ... ಪುಸ್ತಕದಾಗ ಇದ್ದಷ್ಟೇ ಕಲಸಬೇಕಾ?... ಹಿರ್ಯಾರ ಮುಂದ ಮಾತು ಕೊಡಬೇಕಾ?... ಕೊಟ್ರ ಶುಕ್ರವಾರ ನಡೀತದ, ಇಲ್ಲಂದ್ರ ಇಲ್ಲ. ಹಂಗಾ?"

ಅವಳಿಗೆ ಅಳುಕಾಯಿತು. ವಿವೇಕಾನಂದ ಅವಳಿಗೆ ಇಷ್ಟವಾಗಿದ್ದ. ನೋಡಲು ಬಂದ ಗಂಡುಗಳೆಲ್ಲ ಅಡುಗೆ, ಸಂಬಳ ಎಂದು ಕೇಳಿ ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರೆ, ಇವನೊಬ್ಬ, ನಿಮಗೆ ಲೆಕ್ಕ ಯಾಕೆ ಸೇರುತ್ತದೆ ಎಂದು ಕೇಳಿದ್ದ. ಅವಳು ಉತ್ತರ ಹೇಳುವಾಗ ಉಪ್ಪಿಟ್ಟು ಆರಿದರೂ ಕೇಳುತ್ತ ಕೂತಿದ್ದ. ಅವನಿಗಾಗಿ ಒಂದು ಹೂಂ ಅಂದುಬಿಟ್ಟರೆ ಗಂಟೇನು ಹೋದೀತು? ಅವಳು ಬಾಯಿ ತೆರೆದೂ ಬಿಟ್ಟಳು.

"ಆತ್ರಿ, ನಾ... ಏನು?... ನೆರಳಿನ ತುದಿಗಿ ಗೆರಿ ಎಳದ ಚಾಕ್‌ಪೀಸ್ ಕೈ ಸೆರಗಿಗಿ ಒರಸಿಕೊಂಡೆ, ಹೌದು... ಉಸ್ ಅಂತ ಕಟ್ಟಿ ಮ್ಯಾಲ ಕುಂತೆ, ಅದೂ ಹೌದು... ಅತ್ತಿ, ಜರಾ ನಿಂದರ್ರಿ. ಹಾದು ಹೋಗೋರಿಗಿ ಇಷ್ಟೆಲ್ಲಾ ಕಾಣಂಗಿಲ್ಲ. ಭಾಳ ಹೊತ್ತು ನಿಂತು ನೋಡ್ಯಾರ. ಯಾರ್ರೀ ಅವ್ರು?"

ಆ ಕಡೆ ಫೋನು ಕೈಯಿಂದ ಕೈಗೆ ಹೋಗುವ ಸದ್ದು ಕೇಳಿತು.

"ಅತ್ತಿ?... ಯಾರಿಗಿ ಫೋನ್ ಕೊಡಾಕತ್ತೀರಿ?"

"ಹಲೋ... ಹಾಂ, ವಿವೇಕಾನಂದ ಅವ್ರಾ?... ಹೇಳ್ರಿ..."

"ನೀವಾ?"

"ಎಲ್ಲಿ ನಿಂತಿದ್ರಿ?... ರಸ್ತಿ ಆಚಿ, ಚಾದಂಗಡ್ಯಾಗ?... ಅಷ್ಟೂ ಹೊತ್ತು?"

ಊರವರು ಆಡಿದ್ದಾದರೆ ಗಾಳಿಮಾತು ಎಂದು ಕೊಡವಿಕೊಳ್ಳಬಹುದಿತ್ತು.

"ನಾಚಿಕಿ ಆತಾ?... ಹಾಂ. ನನ್ನ ಕರಿಯಾಕ ನಾಚಿಕಿ ಆತು. ಮನ್ಯಾಗ ಹೇಳಾಕ ಆಗ್ಲಿಲ್ಲ, ಅಲ್ಲೇನ್ರಿ?"

"ತಪ್ಪಾತು ಅನಬ್ಯಾಡ್ರಿ... ರಸ್ತಿ ದಾಟಿ ಬಂದು, ಇಲ್ಲೇನ್ ಮಾಡಾಕತ್ತೀರಿ ಅಂತ ಒಂದ್ ಮಾತು ಕೇಳಿದ್ರ ಟೇಪಿನ ಇನ್ನೊಂದು ತುದಿ ನಿಮ್ಮ ಕೈಯಾಗ ಕೊಡ್ತಿದ್ದೆ. ಒಬ್ಬಾಕೆ ಹಿಡಿಯಾಕ ಎಷ್ಟ್ ಒದ್ದಾಡಿದೆ, ಅದನ್ನೂ ನೋಡಿರಬೇಕಲ್ಲ... ನೋಡಿದ್ರಾ?... ನೋಡಿದ್ರಿ."

ಆ ಕಡೆ ಅವನು ಏನೋ ಹೇಳುತ್ತಲೇ ಇದ್ದ. ಅವ್ವ ಒಳ್ಳೆಯವಳು, ಸದ್ಯಕ್ಕೆ ಒಂದು ಹೂಂ ಅನ್ನು, ಆಮೇಲೆ ನೋಡೋಣ ಎಂಬಂಥ ಮಾತು. ಸೃಷ್ಟಿ ಕಣ್ಣು ಒರೆಸಿಕೊಂಡಳು, ಒರೆಸಿದಷ್ಟೂ ಬಂತು.

"ನೀವು ಮನಸಿಗಿ ಬಂದಿದ್ರಿ ನನಗ. ಭಾಳ ಬಂದಿದ್ರಿ... ನಿಮ್ಮ ಅವ್ವಾರಿಗಿ ಫೋನ್ ಕೊಡ್ರಿ... ಇಲ್ಲ, ಕೊಡ್ರಿ."

"ಅಮ್ಮಾರ, ಶುಕ್ರವಾರ ಬರಬ್ಯಾಡ್ರಿ... ಲಾಡ್ಜ್ ಮಾತಿಗಿ ಅಲ್ರೀ. ನೀವು ಕೇಳಿದ್ರಿ, ನಾ ಹೇಳ್ದೆ, ಅದು ಮುಗೀತು. ನಿಮ್ಮ ಮಗ ನನ್ನ ಕೇಳಲೇ ಇಲ್ಲ... ಹಾಂ?... ಹೌದ್ರಿ, ಅಳಾಕತ್ತೀನಿ... ಅಲ್ರೀ ಅಮ್ಮಾರ, ಅಳಾಕತ್ತೀನಿ ಅಂದ್ರ ಹೂಂ ಅಂದಂಗಲ್ಲ... ಹಲೋ?... ಕೇಳಸ್ತಾ?... ಹೂಂ ಅಂದಿಲ್ಲ ನಾ... ಹಲೋ?..."